ಸಂಶೋಧನೆಯ ದಾರಿ ಹಿಡಿಯುವ ಮಕ್ಕಳು, ಕಾಯಬೇಕಾದ ಹೆತ್ತವರು

ಪ್ರತಿ ವರ್ಷ ನೀಟ್ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಚರ್ಚಿನ ಆಫೀಸಿಗೆ ಬರುವ ಹೆತ್ತವರ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. "ಫಾದರ್, ಮಗಳಿಗೆ ಎಂಬಿಬಿಎಸ್ ಸೀಟು ಸಿಗುವ ಹಾಗೆ ಕಾಣುವುದಿಲ್ಲ. ಬಯೋಮೆಡಿಕಲ್ ಸೈನ್ಸ್ ಅಂತ ಒಂದು ಕೋರ್ಸ್ ಇದೆಯಂತೆ. ಅದಕ್ಕೆ ಸೇರಿಸಿದರೆ ಮುಂದೆ ಡಾಕ್ಟರ್ ಆಗಬಹುದಾ?"

ಈ ಮಾತಿನಲ್ಲಿ ಮಗಳ ಮೇಲಿನ ಪ್ರೀತಿಯಿದೆ. ನಾಳೆಯ ಭಯವೂ ಇದೆ. ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಸೇರಿಕೊಂಡಿದೆ. ವೈದ್ಯಕೀಯ ಸೀಟು ತಪ್ಪಿದವರಿಗೆ ಕೊಡುವ ಸಮಾಧಾನಕರ ಬಹುಮಾನ ಈ ಓದು ಎಂದು ಎಷ್ಟೋ ಜನ ಭಾವಿಸಿದ್ದಾರೆ. ಹಾಗೆ ತಿಳಿದು ಸೇರಿದ ಮಕ್ಕಳು ಎರಡನೇ ವರ್ಷಕ್ಕೇ ಬೇಸತ್ತುಹೋಗುತ್ತಾರೆ. ನಿಜವಾಗಿ ಇದಕ್ಕೆ ಹೇಳಿ ಮಾಡಿಸಿದಂಥ ಮಕ್ಕಳನ್ನು ಮನೆಯವರೇ "ಇದರಲ್ಲಿ ಏನಿದೆ?" ಎಂದು ತಡೆಯುತ್ತಾರೆ. ಎರಡೂ ಕಡೆ ನಷ್ಟವೇ. ಆದ್ದರಿಂದ ಈ ವಾರ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಇದು ಯಾವ ಓದು?

ನಮ್ಮ ದೇಹ ಆರೋಗ್ಯದಲ್ಲಿದ್ದಾಗ ಹೇಗೆ ಕೆಲಸ ಮಾಡುತ್ತದೆ, ಕಾಯಿಲೆ ಬಂದಾಗ ಒಳಗೆ ಏನು ಕೆಡುತ್ತದೆ ಎಂಬುದನ್ನು ಜೀವಕೋಶ, ರಕ್ತ, ವಂಶವಾಹಿ, ರೋಗಾಣುಗಳ ಮಟ್ಟದಲ್ಲಿ ಅರಿಯುವ ವಿದ್ಯೆಯೇ ಬಯೋಮೆಡಿಕಲ್ ಸೈನ್ಸ್. ಜೀವರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರೋಗನಿರೋಧಕ ಶಕ್ತಿಯ ಅಧ್ಯಯನ, ಅನುವಂಶೀಯತೆ, ಔಷಧಶಾಸ್ತ್ರ, ಸಂಖ್ಯಾಶಾಸ್ತ್ರ ಇವೆಲ್ಲ ಇದರಲ್ಲಿ ಸೇರಿವೆ. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಇದೇ ಹೆಸರಿನ ಆನರ್ಸ್ ಪದವಿ ಇದೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಹೆಚ್ಚಾಗಿ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಜೆನೆಟಿಕ್ಸ್, ಬಯೋಟೆಕ್ನಾಲಜಿ ಎಂಬ ಹೆಸರುಗಳಲ್ಲಿ ಇದೇ ವಿಷಯಗಳನ್ನು ಕಲಿಸುತ್ತಾರೆ.

ಇದನ್ನು ಮೂರು ಬೇರೆ ಓದುಗಳ ಜೊತೆ ಬೆರೆಸಬಾರದು. ಎಂಬಿಬಿಎಸ್ ಓದಿದವರು ರೋಗಿಗೆ ಚಿಕಿತ್ಸೆ ಕೊಡುತ್ತಾರೆ. ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಮಾಡಿದವರು ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಾರೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಓದಿದವರು ಆಸ್ಪತ್ರೆಯ ಯಂತ್ರಗಳನ್ನು ತಯಾರಿಸಿ ನೋಡಿಕೊಳ್ಳುತ್ತಾರೆ. ಬಯೋಮೆಡಿಕಲ್ ಸೈನ್ಸ್ ಓದಿದವರು ಮುಂದೆ ಪಿಎಚ್‌ಡಿ ಮಾಡಿದರೆ ಹೆಸರಿನ ಹಿಂದೆ "ಡಾ." ಎಂದು ಬರೆದುಕೊಳ್ಳಬಹುದು, ಆದರೆ ಔಷಧಿ ಚೀಟಿ ಬರೆಯುವಂತಿಲ್ಲ. ಸೇರುವ ಮೊದಲೇ ಇದು ಮನೆಯವರೆಲ್ಲರಿಗೂ ಸ್ಪಷ್ಟವಾಗಿರಬೇಕು.

ಒಂದು ಚಿಕ್ಕ ಮಾತ್ರೆಯ ಹಿಂದೆ

ಹಾಗಾದರೆ ಇಂಥವರ ಕೆಲಸದಿಂದ ಜನರಿಗೇನು ಪ್ರಯೋಜನ? ನಮ್ಮ ಮನೆಗಳಲ್ಲೇ ಇರುವ ಒಂದು ಉದಾಹರಣೆ ನೋಡೋಣ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಮೂಲಕ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಗರ್ಭಿಣಿಯಾಗಿರುವಾಗ 180 ದಿನ ದಿನಕ್ಕೊಂದರಂತೆ ನುಂಗಬೇಕು. ಈ ಫೋಲಿಕ್ ಆಮ್ಲ ಎಲ್ಲಿಂದ ಬಂತು?

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ಮಹಿಳೆ ಮುಂಬೈಗೆ ಬಂದರು. ವೈದ್ಯಕೀಯ ಓದಿದ್ದರೂ ಅವರು ಆರಿಸಿಕೊಂಡದ್ದು ಸಂಶೋಧನೆಯನ್ನು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಗರ್ಭಿಣಿಯರಾದಾಗ ವಿಪರೀತ ರಕ್ತಹೀನತೆಯಿಂದ ಸಾಯುತ್ತಿದ್ದರು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಲೂಸಿ ವಿಲ್ಸ್ ಅವರ ಊಟವನ್ನು ನೋಡಿದರು, ರಕ್ತವನ್ನು ನೋಡಿದರು, ರೋಗಾಣುವಿನಿಂದ ಬಂದಿದೆಯೇ ಎಂದು ಹುಡುಕಿದರು, ಇಲಿಗಳಿಗೂ ಮಂಗಗಳಿಗೂ ಅಂಥದೇ ಆಹಾರ ಕೊಟ್ಟು ನೋಡಿದರು. ಕೊನೆಗೆ ಅಗ್ಗವಾಗಿ ಸಿಗುವ ಯೀಸ್ಟ್ ಸಾರ ತಿಂದರೆ ಈ ರಕ್ತಹೀನತೆ ವಾಸಿಯಾಗುತ್ತದೆ ಎಂದು ಕಂಡುಕೊಂಡು 1931ರಲ್ಲಿ ಪ್ರಕಟಿಸಿದರು. ಆದರೆ ಆ ಸಾರದಲ್ಲಿ ಕೆಲಸ ಮಾಡುತ್ತಿದ್ದ ವಸ್ತು ಯಾವುದು? ಅದು ಅವರಿಗೆ ತಿಳಿಯಲಿಲ್ಲ.

ಹತ್ತು ವರ್ಷದ ನಂತರ, 1941ರಲ್ಲಿ, ಅಮೆರಿಕದ ಟೆಕ್ಸಾಸಿನ ರಸಾಯನಶಾಸ್ತ್ರಜ್ಞರು ಟನ್‌ಗಟ್ಟಲೆ ಪಾಲಕ್ ಸೊಪ್ಪನ್ನು ಅರೆದು ಸೋಸಿ ಅಂಥ ಒಂದು ವಸ್ತುವನ್ನು ಬೇರ್ಪಡಿಸಿದರು. ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ಕೆಲಸ 1940ರ ದಶಕದ ಮಧ್ಯದಲ್ಲಿ ಯಶಸ್ವಿಯಾಯಿತು. ಆ ತಂಡವನ್ನು ನಡೆಸಿದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ತಂಡ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಔಷಧಿಗಳನ್ನೂ ತಯಾರಿಸಿತು. ಅವುಗಳಲ್ಲೊಂದನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಬಂದ ಮಕ್ಕಳಿಗೆ ಕೊಟ್ಟಾಗ, ಸ್ವಲ್ಪ ಕಾಲದ ಮಟ್ಟಿಗಾದರೂ ಕೆಲವು ಮಕ್ಕಳಲ್ಲಿ ರೋಗ ಹಿಮ್ಮೆಟ್ಟಿತು. ಈ ವರದಿ 1948ರಲ್ಲಿ ಬಂತು. ಅದೇ ವರ್ಷ ಸುಬ್ಬರಾವ್ 53ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಔಷಧಿಯನ್ನು ಇಂದು ಕ್ಯಾನ್ಸರಿಗೂ, ಕೀಲುವಾತಕ್ಕೂ ಕೊಡುತ್ತಾರೆ. ನಮ್ಮ ಪೂಜೆಗೆ ಬರುವ ಹಿರಿಯರಲ್ಲಿ ವಾರಕ್ಕೊಮ್ಮೆ ಅದನ್ನು ನುಂಗುವವರು ಇದ್ದಾರೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಮೆದುಳುಬಳ್ಳಿಯ ದೋಷವಿರುವ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರು ಮುಂದಿನ ಬಾರಿ ಗರ್ಭ ಧರಿಸುವ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ, ಅಂಥ ದೋಷ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಗುತ್ತದೆ ಎಂದು 1991ರಲ್ಲಿ ಬ್ರಿಟನ್ ನಡೆಸಿದ ದೊಡ್ಡ ಅಧ್ಯಯನವೊಂದು ತೋರಿಸಿತು.

1931ರಿಂದ 1991ಕ್ಕೆ 60 ವರ್ಷ. ಬಿತ್ತಿದವರೇ ಕೊಯ್ಯಬೇಕೆಂದಿಲ್ಲ ಎಂದು ಯೇಸುಸ್ವಾಮಿ ಸಮಾರಿಯದ ಬಾವಿಯ ಬಳಿ ಶಿಷ್ಯರಿಗೆ ತಿಳಿಹೇಳಿದ ಮಾತು ಸಂಶೋಧಕರಿಗೆ ಅಕ್ಷರಶಃ ಒಪ್ಪುತ್ತದೆ. ವೈದ್ಯರಿಗೆ ತಾವು ಬದುಕಿಸಿದ ರೋಗಿಯ ಮುಖ ಕಾಣುತ್ತದೆ. ಸಂಶೋಧಕರಿಗೆ ಆ ಭಾಗ್ಯ ಅಪರೂಪ. ತಮ್ಮ ಕೆಲಸದಿಂದ ಬದುಕಿದ ತಾಯಿಯನ್ನು ಅವರು ನೋಡುವುದೇ ಇಲ್ಲ. ಇಷ್ಟು ತಿಳಿದ ಮೇಲೂ ನಿಮ್ಮ ಮಗನೋ ಮಗಳೋ "ಆ ಸಾರದಲ್ಲಿ ಏನಿತ್ತು ಅಂತ ನನಗೆ ತಿಳಿಯಬೇಕು" ಎಂದು ಹಟ ಹಿಡಿದರೆ, ಆ ಮಗುವಿಗೆ ಈ ಓದು ಒಗ್ಗುತ್ತದೆ ಎಂದು ತಿಳಿಯಿರಿ.

ಎಷ್ಟು ವರ್ಷ, ಎಷ್ಟು ಹಣ?

ಮನೆ ನಡೆಸುವವರು ಕೇಳಲೇಬೇಕಾದ ಪ್ರಶ್ನೆ ಇದು. ನಮ್ಮ ರಾಜ್ಯದಲ್ಲಿ 2021ರಲ್ಲಿ ತಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಆದ್ದರಿಂದ ಲೆಕ್ಕ ಹೀಗಿರುತ್ತದೆ: ಪಿಯುಸಿ ಮುಗಿಸಿದಾಗ 18 ವರ್ಷ, ಬಿಎಸ್‌ಸಿ ಮುಗಿದಾಗ 21, ಎಂಎಸ್‌ಸಿ ಮುಗಿದಾಗ 23. ಆಮೇಲೆ ಪಿಎಚ್‌ಡಿ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಜೀವವಿಜ್ಞಾನದಲ್ಲಿ ಐದು ವರ್ಷವೆಂದೇ ಇಟ್ಟುಕೊಳ್ಳಿ. ಅದರ ಮೇಲೆ ಬೇರೊಂದು ಪ್ರಯೋಗಾಲಯದಲ್ಲಿ ಎರಡು ಮೂರು ವರ್ಷದ ತರಬೇತಿ. ಸ್ವಂತ ಪ್ರಯೋಗಾಲಯ, ಖಾಯಂ ಕೆಲಸ ಎನ್ನುವ ಹೊತ್ತಿಗೆ ವಯಸ್ಸು 30 ದಾಟಿರುತ್ತದೆ.

ಇನ್ನೊಂದು ದಾರಿಯೂ ಇದೆ. ದೇಶದಲ್ಲಿ ಐಸರ್ ಎಂಬ ಏಳು ವಿಜ್ಞಾನ ಸಂಸ್ಥೆಗಳಿವೆ. ಪುಣೆ, ತಿರುವನಂತಪುರ, ತಿರುಪತಿಯವು ನಮಗೆ ಹತ್ತಿರ. ಅಲ್ಲಿ ಪಿಯುಸಿ ಆದ ಮೇಲೆ ನೇರವಾಗಿ ಐದು ವರ್ಷದ ಬಿಎಸ್-ಎಂಎಸ್ ಪದವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ನಡೆಯುತ್ತಿದೆ, ಅದರಲ್ಲಿ ಜೀವವಿಜ್ಞಾನವೂ ಒಂದು ವಿಭಾಗ. ಇವುಗಳ ಪ್ರವೇಶ ಪರೀಕ್ಷೆಯ ನಿಯಮಗಳು ಆಗಾಗ ಬದಲಾಗುವುದರಿಂದ, ಮಗು ಎರಡನೇ ಪಿಯುಸಿಯಲ್ಲಿರುವಾಗಲೇ ವಿಚಾರಿಸಬೇಕು. ಫಲಿತಾಂಶ ಬಂದ ಮೇಲೆ ವಿಚಾರಿಸಿದರೆ ಅರ್ಜಿಯ ದಿನ ದಾಟಿರುತ್ತದೆ.

ಹಣದ ವಿಷಯದಲ್ಲಿ ಒಂದು ಸಮಾಧಾನವಿದೆ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ನಿಗದಿಯಾದಂತೆ ಮೊದಲ ಎರಡು ವರ್ಷ ತಿಂಗಳಿಗೆ ರೂ. 37,000, ನಂತರ ರೂ. 42,000 ವೇತನ ಸಿಗುತ್ತದೆ. ಹಾಗಾಗಿ ಪಿಎಚ್‌ಡಿಗಾಗಿ ಹೊಲ ಅಡವಿಡುವ ಅಗತ್ಯವಿಲ್ಲ. ಆದರೆ ಈ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದುಂಟು. ಅದನ್ನೇ ನಂಬಿ ಮನೆ ಸಾಲದ ಕಂತು ಕಟ್ಟುವ ಲೆಕ್ಕ ಹಾಕಬೇಡಿ.

ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಬರೀ ಬಿಎಸ್‌ಸಿ ಬಯೋಟೆಕ್ನಾಲಜಿ ಮುಗಿಸಿದವರಿಗೆ ಸಂಶೋಧನೆಯ ಕೆಲಸ ಸಿಗುವುದು ಕಷ್ಟ. ಪಿಎಚ್‌ಡಿ ಮುಗಿಸಿದವರಲ್ಲೂ ಎಲ್ಲರಿಗೂ ವಿಜ್ಞಾನ ಸಂಸ್ಥೆಗಳಲ್ಲಿ ಸ್ಥಾನ ಸಿಗುವುದಿಲ್ಲ. ಕೆಲವರು ಔಷಧಿ ಕಂಪನಿಗಳಿಗೆ ಹೋಗುತ್ತಾರೆ, ಕೆಲವರು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಕೆಲವರು ಹೊಸ ಔಷಧಿಗಳ ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ದುಡಿಯುತ್ತಾರೆ. ಇವೂ ಗೌರವದ ಕೆಲಸಗಳೇ. ಆದರೂ ಬೇಗ ದುಡಿದು ತಂಗಿ ತಮ್ಮಂದಿರನ್ನು ಓದಿಸಬೇಕಾದ ಹೊಣೆ ಹೊತ್ತ ಮಗುವನ್ನು ಈ ದಾರಿಗೆ ಕಳುಹಿಸುವ ಮುನ್ನ ಮನೆಯವರೆಲ್ಲ ಕೂತು ಮಾತಾಡಲೇಬೇಕು.

ವಿದ್ಯಾರ್ಥಿಗಳಿಗೆ ಕೆಲವು ಕಿವಿಮಾತು

ಮೊದಲನೆಯದು, ಗಣಿತವನ್ನು ಬಿಡಬೇಡಿ. "ನನಗೆ ಗಣಿತ ಬೇಡ, ಅದಕ್ಕೇ ಬಯಾಲಜಿ" ಎನ್ನುವ ಮಕ್ಕಳಿದ್ದಾರೆ. ಹತ್ತು ರೋಗಿಗಳಲ್ಲಿ ಏಳು ಮಂದಿಗೆ ಗುಣವಾದರೆ ಅದು ಔಷಧಿಯ ಫಲವೋ, ಹಾಗೇ ಆದದ್ದೋ? ಇದನ್ನು ಹೇಳುವುದು ಸಂಖ್ಯಾಶಾಸ್ತ್ರ. ಅದಿಲ್ಲದೆ ಸಂಶೋಧನೆ ಇಲ್ಲ. ಕಂಪ್ಯೂಟರಿನಲ್ಲಿ ಸ್ವಲ್ಪ ಪ್ರೋಗ್ರಾಮಿಂಗ್ ಕಲಿತರೆ ಇನ್ನೂ ಒಳ್ಳೆಯದು.

ಎರಡನೆಯದು, ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಪ್ರಯೋಗಾಲಯ ನೋಡಿ. ವಿದ್ಯಾರ್ಥಿಗಳು ತಾವೇ ಕೈಯಾರೆ ಪ್ರಯೋಗ ಮಾಡುತ್ತಾರೆಯೇ, ಅಥವಾ ಮೇಷ್ಟ್ರು ಮಾಡುವುದನ್ನು ದೂರದಿಂದ ನೋಡುತ್ತಾರೆಯೇ ಎಂದು ಈಗ ಅಲ್ಲಿ ಓದುತ್ತಿರುವವರನ್ನು ಕೇಳಿ.

ಮೂರನೆಯದು, ಬೇಸಿಗೆ ರಜೆಯನ್ನು ಉಪಯೋಗಿಸಿಕೊಳ್ಳಿ. 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಅಕಾಡೆಮಿ, ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ, ವಿದ್ಯಾರ್ಥಿಗಳನ್ನು ಎರಡು ತಿಂಗಳ ಮಟ್ಟಿಗೆ ವಿಜ್ಞಾನಿಗಳ ಬಳಿ ಕಳುಹಿಸುವ ಬೇಸಿಗೆ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೂ ಇಂಥ ಯೋಜನೆಯಿದೆ. ಸಂಶೋಧನೆ ನಮಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಆ ಎರಡು ತಿಂಗಳಲ್ಲಿ ತಿಳಿಯುತ್ತದೆ. ಒಗ್ಗದಿದ್ದರೆ ಅದೂ ಲಾಭವೇ. ಹತ್ತು ವರ್ಷ ಕಳೆದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು.

ನಾಲ್ಕನೆಯದು, ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯಬೇಡಿ. ಇಂಗ್ಲಿಷ್ ಬೇಕು, ನಿಜ. ಸಂಶೋಧನಾ ಲೇಖನಗಳೆಲ್ಲ ಇಂಗ್ಲಿಷಿನಲ್ಲಿವೆ. ವಾರಕ್ಕೆ ಒಂದೇ ಲೇಖನವನ್ನು ನಿಘಂಟು ಹಿಡಿದು ಓದಿದರೂ ಮೂರು ವರ್ಷದಲ್ಲಿ ಭಯ ಹೋಗುತ್ತದೆ. ಆದರೆ ವಿಷಯ ಅರ್ಥವಾಗಿದೆಯೇ ಎಂದು ತಿಳಿಯಲು ಅದನ್ನು ಕನ್ನಡದಲ್ಲಿ ನಿಮ್ಮ ಅಜ್ಜಿಗೆ ವಿವರಿಸಿ ನೋಡಿ. ಅಜ್ಜಿಗೆ ಹೇಳಲು ಬಾರದಿದ್ದರೆ ನಿಮಗೂ ಅರ್ಥವಾಗಿಲ್ಲ ಎಂದೇ ಲೆಕ್ಕ.

ಐದನೆಯದು, ಸೋಲನ್ನು ಬರೆದಿಡಿ. ಪ್ರಯೋಗಾಲಯದ ನೋಟುಪುಸ್ತಕದಲ್ಲಿ ಕೆಟ್ಟುಹೋದ ಪ್ರಯೋಗಕ್ಕೂ ಸರಿಯಾದದ್ದಕ್ಕೂ ಒಂದೇ ಬೆಲೆ. ಪರೀಕ್ಷೆಯಲ್ಲಿ ಯಾವಾಗಲೂ ಮೊದಲು ಬಂದ ಮಕ್ಕಳಿಗೆ ಇದು ಬಹಳ ಕಷ್ಟ. ಆರು ತಿಂಗಳು ದುಡಿದ ಕೆಲಸ ಕೈಕೊಟ್ಟಾಗ ಮಗು ಫೋನಿನಲ್ಲಿ ಅತ್ತರೆ, ಹೆತ್ತವರು "ನಾವು ಆಗಲೇ ಹೇಳಿದ್ದೆವು" ಎನ್ನಬಾರದು. "ಊಟ ಆಯ್ತಾ? ನಾಳೆ ಮತ್ತೆ ನೋಡು" ಎಂದರೆ ಸಾಕು.

ಹೆಣ್ಣುಮಕ್ಕಳ ವಿಷಯ

"28 ವರ್ಷದವರೆಗೆ ಓದಿದರೆ ಮದುವೆ ಯಾವಾಗ?" ಇದು ತಾಯಂದಿರ ಪ್ರಶ್ನೆ. ಇದನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಆದರೆ ಇದರ ಹೆಸರಿನಲ್ಲಿ ಮಗಳ ದಾರಿ ಮುಚ್ಚುವುದೂ ಸರಿಯಲ್ಲ.

1933ರಲ್ಲಿ ಕಮಲಾ ಸೊಹೊನಿ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಅಂದಿನ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಒಪ್ಪಲಿಲ್ಲ. ಆಕೆ ಪಟ್ಟು ಬಿಡದಿದ್ದಾಗ ಮೊದಲ ವರ್ಷ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಬಗ್ಗೆ ಅಲ್ಲಿ ಮಾಡಿದ ಕೆಲಸ ನೋಡಿದ ಮೇಲೆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ 1939ರಲ್ಲಿ ಪಿಎಚ್‌ಡಿ ಪಡೆದರು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ದೇಶಕ್ಕೆ ಮರಳಿ ಮದುವೆಯಾದರು, ಸಂಸಾರ ನಡೆಸಿದರು, ಬಡವರ ಆಹಾರದ ಬಗ್ಗೆ ಸಂಶೋಧನೆಯನ್ನೂ ಮುಂದುವರಿಸಿದರು.

ಇಂದಿನ ನಿಯಮಗಳು ಆಗಿನಂತಿಲ್ಲ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿ ಮಾಡುವ ಮಹಿಳೆಗೆ ಒಟ್ಟು 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಡಬಹುದು. ಮುಗಿಸಲು ಎರಡು ವರ್ಷ ಹೆಚ್ಚಿನ ಕಾಲಾವಕಾಶವೂ ಉಂಟು. ಆದ್ದರಿಂದ ಮದುವೆಯ ಮಾತುಕತೆಯಲ್ಲಿ ಚಿನ್ನದ ಮಾತಿಗಿಂತ ಮೊದಲು "ನಮ್ಮ ಹುಡುಗಿ ಪಿಎಚ್‌ಡಿ ಮುಗಿಸುತ್ತಾಳೆ, ಅದಕ್ಕೆ ಒಪ್ಪಿಗೆಯೇ?" ಎಂದು ಹೆಣ್ಣಿನ ಕಡೆಯವರು ಕೇಳಲಿ. ಕೇಳಿದ್ದಕ್ಕೆ ಮುರಿದುಬೀಳುವ ಸಂಬಂಧವಾದರೆ, ಮದುವೆಗೆ ಮೊದಲೇ ಮುರಿದುಬಿದ್ದದ್ದು ಒಳ್ಳೆಯದಾಯಿತು ಎಂದುಕೊಳ್ಳಿ.

ಮನಸ್ಸಾಕ್ಷಿಯನ್ನು ಹೊರಗಿಟ್ಟು ಹೋಗಬೇಡಿ

ವಿಜ್ಞಾನ ಓದಿದರೆ ವಿಶ್ವಾಸ ಹೋಗುತ್ತದೆ ಎಂದು ಹೆದರುವವರು ಇದ್ದಾರೆ. ಪ್ರಕೃತಿಯನ್ನು ಕಣ್ಣಾರೆ ನೋಡಿ ಬರೆದ ಸಂತ ಆಲ್ಬರ್ಟರನ್ನು ಧರ್ಮಸಭೆ 1941ರಲ್ಲಿ ವಿಜ್ಞಾನಿಗಳ ಪಾಲಕ ಸಂತರೆಂದು ಘೋಷಿಸಿತು. ದೇವರು ಕೊಟ್ಟ ಬುದ್ಧಿಯಿಂದ ದೇವರ ಸೃಷ್ಟಿಯನ್ನು ಅರಿಯುವುದು ತಪ್ಪಾಗುವುದಾದರೂ ಹೇಗೆ? ಎಚ್ಚರ ಬೇಕಾದದ್ದು ಬೇರೆ ಕಡೆ.

ಒಂದು, ಮನುಷ್ಯರನ್ನು ಕೇಳದೆ ಅವರ ದೇಹವನ್ನು ಬಳಸುವುದು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆ ಕ್ಯಾನ್ಸರಿನಿಂದ ತೀರಿಕೊಂಡರು. ಆಕೆಯ ಜೀವಕೋಶಗಳನ್ನು ಕೇಳದೆಯೇ ತೆಗೆದಿದ್ದರು. ಅವು ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಬೆಳೆದವು, ಪೋಲಿಯೋ ಲಸಿಕೆಯ ಕೆಲಸಕ್ಕೂ ನೆರವಾದವು. ಆಕೆಯ ಮನೆಯವರಿಗೆ 20 ವರ್ಷಕ್ಕೂ ಹೆಚ್ಚು ಕಾಲ ಏನೂ ಗೊತ್ತಿರಲಿಲ್ಲ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಸಂಶೋಧನೆಯಲ್ಲಿ ಭಾಗವಹಿಸುವವರಿಗೆ ಅವರ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ತಾಲ್ಲೂಕು ಆಸ್ಪತ್ರೆಗೆ ಬಂದ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಅದನ್ನು ಹೇಳಬಲ್ಲವರು ಬೇಕು. ನಮ್ಮ ಮಕ್ಕಳಲ್ಲದೆ ಇನ್ಯಾರು ಹೇಳಬೇಕು?

ಎರಡು, ಮಾನವ ಭ್ರೂಣದ ಮೇಲಿನ ಸಂಶೋಧನೆ. ಭ್ರೂಣವನ್ನು ನಾಶಪಡಿಸುವ ಪ್ರಯೋಗಗಳನ್ನು ಧರ್ಮಸಭೆ ಒಪ್ಪುವುದಿಲ್ಲ. 1987ರ ಮತ್ತು 2008ರ ಬೋಧನಾ ಪತ್ರಗಳಲ್ಲಿ ಇದನ್ನು ಸ್ಪಷ್ಟಪಡಿಸಲಾಗಿದೆ. ಹಾಗೆಂದು ಈ ಕ್ಷೇತ್ರವನ್ನೇ ಬಿಡಬೇಕಿಲ್ಲ. ಜಪಾನಿನ ಶಿನ್ಯ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಸಾಮಾನ್ಯ ಜೀವಕೋಶವನ್ನೇ ಮೂಲಕೋಶದಂತೆ ಮಾರ್ಪಡಿಸಿ ತೋರಿಸಿದರು. ಅವರಿಗೆ 2012ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಭ್ರೂಣವನ್ನು ಮುಟ್ಟದೆ ನಡೆಯುವ ದಾರಿ ಹೀಗೆ ತೆರೆಯಿತು. ಪ್ರಯೋಗಾಲಯಕ್ಕೆ ಸೇರುವ ಮುನ್ನ ಅಲ್ಲಿ ಯಾವ ಕೆಲಸ ನಡೆಯುತ್ತದೆ ಎಂದು ಕೇಳಿಕೊಳ್ಳುವುದು ವಿದ್ಯಾರ್ಥಿಯ ಹಕ್ಕು. ಸಂದೇಹ ಬಂದರೆ, ಬೆಂಗಳೂರಿನಲ್ಲಿ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಂಥ ಕಡೆ ವಿಜ್ಞಾನ ಮತ್ತು ನೀತಿ ಎರಡನ್ನೂ ಬಲ್ಲವರಿದ್ದಾರೆ. ಅವರನ್ನು ಕೇಳಿ ತಿಳಿಯಬಹುದು.

ಮೂರು, ಸುಳ್ಳು. ಬೇಕಾದ ಫಲಿತಾಂಶ ಬರದಿದ್ದಾಗ ಒಂದು ಅಂಕೆ ಬದಲಿಸುವುದು ಸುಲಭ, ಯಾರಿಗೂ ಕಾಣುವುದಿಲ್ಲ. ಆದರೆ ಆ ಅಂಕೆಯನ್ನು ನಂಬಿ ಎಲ್ಲೋ ಒಬ್ಬ ವೈದ್ಯರು ಒಬ್ಬ ರೋಗಿಗೆ ಔಷಧಿ ಕೊಡುತ್ತಾರೆ. ಪರೀಕ್ಷೆಯಲ್ಲಿ ನಕಲು ಮಾಡಿದರೂ ಪರವಾಗಿಲ್ಲ, ಅಂಕ ಬಂದರೆ ಸಾಕು ಎನ್ನುವ ಮನೆಯಿಂದ ಒಳ್ಳೆಯ ಸಂಶೋಧಕರು ಬರುವುದು ಕಷ್ಟ. ಈ ಪಾಠ ಶುರುವಾಗುವುದು ವಿಶ್ವವಿದ್ಯಾಲಯದಲ್ಲಿ ಅಲ್ಲ, ಐದನೇ ಕ್ಲಾಸಿನ ಹೋಂವರ್ಕಿನಲ್ಲಿ.

ಹೆತ್ತವರೇ, ಮಗು ಈ ದಾರಿ ಹಿಡಿಯುತ್ತೇನೆ ಎಂದಾಗ ಬೇಡ ಎನ್ನುವ ಮೊದಲು ಯಾಕೆಂದು ಕೇಳಿ. ಸರಿ ಎನ್ನುವ ಮೊದಲು ಎಷ್ಟು ವರ್ಷ ಕಾಯಬೇಕೆಂದು ಲೆಕ್ಕ ಹಾಕಿ. ಒಮ್ಮೆ ಸರಿ ಎಂದ ಮೇಲೆ ನೆಂಟರ ಮುಂದೆ ಮಗುವನ್ನು ಬಿಟ್ಟುಕೊಡಬೇಡಿ. "ಇನ್ನೂ ಓದ್ತಾನೇ ಇದಾಳಾ?" ಎಂದು ಯಾರಾದರೂ ಕೇಳಿದರೆ, "ಹೌದು, ಓದ್ತಾ ಇದಾಳೆ" ಎಂದು ತಲೆ ಎತ್ತಿ ಹೇಳಿ.

ಮನೆಯಲ್ಲಿ ಕೂತು ಚರ್ಚಿಸಲು

1. ನಮ್ಮ ಮಗು ಈ ಓದನ್ನು ಕೇಳುತ್ತಿರುವುದು ಆಸಕ್ತಿಯಿಂದಲೋ, ಬೇರೆ ಸೀಟು ಸಿಗದ ಬೇಸರದಿಂದಲೋ?

2. ಮಗುವಿನ ಸಂಬಳ ನೆಚ್ಚಿಕೊಳ್ಳದೆ ಇನ್ನು ಐದಾರು ವರ್ಷ ನಮ್ಮ ಮನೆ ನಡೆಯುತ್ತದೆಯೇ? ನಡೆಯದಿದ್ದರೆ ಯಾವ ಏರ್ಪಾಡು ಮಾಡಬಹುದು?

3. ಮಗನಿಗಾದರೆ "ಓದಲಿ" ಎಂದು ಹೇಳುವ ನಾವು ಮಗಳಿಗೂ ಹಾಗೇ ಹೇಳುತ್ತೇವೆಯೇ?

4. ನಮ್ಮ ಮನೆಯಲ್ಲಿ ಯಾರಾದರೂ ನುಂಗುವ ಒಂದು ಮಾತ್ರೆಯ ಹೆಸರು ಬರೆದುಕೊಳ್ಳಿ. ಅದನ್ನು ಯಾರು, ಯಾವಾಗ, ಹೇಗೆ ಕಂಡುಹಿಡಿದರು ಎಂದು ಈ ವಾರ ಮಕ್ಕಳು ಹುಡುಕಿ ಎಲ್ಲರಿಗೂ ಹೇಳಲಿ.